ಮಕ್ಕಳನ್ನು ಅಳಿಸಿದರೆ ಕೃತಜ್ಞತೆ ಬರುತ್ತಾ?

ಜನವರಿ, ಫೆಬ್ರವರಿ ಬಂತೆಂದರೆ ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಒಂದು ಕಾರ್ಯಕ್ರಮ ಇರುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಅಪ್ಪ ಅಮ್ಮಂದಿರನ್ನೂ ಕರೆಸುತ್ತಾರೆ. ಹೊರಗಿನಿಂದ ಒಬ್ಬರು ಭಾಷಣಕಾರರು ಬರುತ್ತಾರೆ. ಹಿಂದೆ ಕೊಳಲಿನ ಸಂಗೀತ ಹಾಕಿಸಿ, "ಕಣ್ಣು ಮುಚ್ಕೊಳ್ಳಿ ಮಕ್ಕಳೇ" ಅನ್ನುತ್ತಾರೆ. ನಿಮ್ಮಮ್ಮನ ಕೈ ಯಾವತ್ತಾದರೂ ನೋಡಿದ್ದೀರಾ? ನಿಮ್ಮಪ್ಪನ ಬನಿಯನ್ನಲ್ಲಿ ಎಷ್ಟು ತೂತು ಇದೆ, ಎಣಿಸಿದ್ದೀರಾ? ಸ್ವಲ್ಪ ಹೊತ್ತಿಗೆ ಹೆಣ್ಣುಮಕ್ಕಳ ಸಾಲಿನಲ್ಲಿ ಯಾರೋ ಬಿಕ್ಕುತ್ತಾರೆ. ಆಮೇಲೆ ಇಡೀ ಹಾಲ್ ಅಳುತ್ತದೆ. ಮೊಬೈಲುಗಳು ಮೇಲೇಳುತ್ತವೆ. ಸಂಜೆಗೆ ರೀಲ್ಸ್ ರೆಡಿ.

ಕೆಲವು ಕಡೆ ಪಾದಪೂಜೆಯೂ ಉಂಟು. ತಟ್ಟೆ, ಚೊಂಬು, ಅರಿಶಿನ, ಕುಂಕುಮ ಮನೆಯಿಂದಲೇ ತರಬೇಕು. ಅಪ್ಪ ಅಮ್ಮ ಇಲ್ಲದ ಮಗು ಏನು ಮಾಡಬೇಕು ಅಂತ ಯಾರೂ ಯೋಚಿಸಿರುವುದಿಲ್ಲ. ಅಂಥ ಮಗು ಆವತ್ತು ಸ್ಕೂಲಿಗೇ ಬರುವುದಿಲ್ಲ, ಅಷ್ಟೆ.

ನಾನು ಮೇಷ್ಟ್ರು. ಇಂಥ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಅಪ್ಪ ಅಮ್ಮನನ್ನು ನೆನೆಯಬೇಡಿ ಅಂತ ಯಾರು ಹೇಳ್ತಾರೆ? ನನ್ನ ತಕರಾರು ಬೇರೆ. "ನನ್ನಿಂದಲೇ ಇವರಿಗೆ ಇಷ್ಟೆಲ್ಲ ಕಷ್ಟ" ಅನ್ನುವ ಒಂದು ಭಾವನೆ ಮಾತ್ರ ಮಕ್ಕಳ ಜೊತೆ ಮನೆಗೆ ಹೋಗುತ್ತದೆ. ಮೊದಲೇ ಪರೀಕ್ಷೆಯ ಭಯದಲ್ಲಿ ನಿದ್ದೆಗೆಟ್ಟ ಮಗು ಅದು. ಅದರ ತಲೆ ಮೇಲೆ ಅಪ್ಪನ ಬನಿಯನ್ನಿನ ತೂತುಗಳನ್ನೂ ಹೇರಿ ಕಳಿಸುತ್ತೇವೆ.

ಮೇಷ್ಟ್ರು ಸುಮ್ನೆ ಏನೋ ಹೇಳ್ತಾರೆ ಅನ್ನಬೇಡಿ. 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಮೆರಿಕದ ಬಿಳಿಯರು ಮತ್ತು ಭಾರತೀಯರು, ಎರಡೂ ಗುಂಪಿನವರಿಂದ ಕೃತಜ್ಞತೆಯ ಬಗ್ಗೆ ಬರೆಸಿ, ಆಮೇಲೆ ಮನಸ್ಸಿಗೆ ಏನನ್ನಿಸಿತು ಅಂತ ಕೇಳಿದರು. ಭಾರತೀಯರಿಗೆ ಖುಷಿಯ ಜೊತೆಗೇ ದುಃಖವೂ ಆಗಿತ್ತು, ತಪ್ಪಿತಸ್ಥ ಭಾವನೆಯೂ ಬಂದಿತ್ತು. ಅದು ದೊಡ್ಡವರ ಮೇಲೆ ಮಾಡಿದ ಅಧ್ಯಯನ. ಆದರೆ ದೊಡ್ಡವರಿಗೇ ಹೀಗಾದರೆ ಹದಿನೈದರ ಮಗುವಿಗೆ ಏನಾಗಬೇಡ? ಅದಕ್ಕೂ ಮೊದಲು, 2013ರಲ್ಲಿ, ಅಮೆರಿಕ ಮತ್ತು ದಕ್ಷಿಣ ಕೊರಿಯಾದ ಕಾಲೇಜು ವಿದ್ಯಾರ್ಥಿಗಳನ್ನು ಹೋಲಿಸಿದ್ದರು. ಅಲ್ಲಿಯೂ ಕೃತಜ್ಞತೆಯ ಪತ್ರ ಬರೆದು ಅಮೆರಿಕದವರಿಗಾದಷ್ಟು ಉಪಯೋಗ ಕೊರಿಯಾದವರಿಗೆ ಆಗಲಿಲ್ಲ. ಬೆಂಗಳೂರಿನ ದೊಡ್ಡ ದೊಡ್ಡ ಖಾಸಗಿ ಶಾಲೆಗಳು ಮಕ್ಕಳ ಕೈಯಲ್ಲಿ 'ಗ್ರ್ಯಾಟಿಟ್ಯೂಡ್ ಜರ್ನಲ್', ಅಂದರೆ ಕೃತಜ್ಞತೆಯ ಡೈರಿ, ಬರೆಸುತ್ತವಲ್ಲ, ಅವರೂ ಇದನ್ನು ಒಂದು ಸಲ ಓದಿದರೆ ಒಳ್ಳೆಯದು. ಒಂದು ದೇಶದ ಮನಸ್ಸಿಗೆ ಹೊಂದಿದ್ದು ಇನ್ನೊಂದಕ್ಕೆ ಹಾಗೇ ಹೊಂದಬೇಕು ಅಂತೇನಿಲ್ಲ.

ಹದಿಹರೆಯದವರ ವಿಷಯಕ್ಕೇ ಬಂದರೆ ಇದಕ್ಕಿಂತ ಹಳೆಯ, ಇದಕ್ಕಿಂತ ಚೆಂದದ ಒಂದು ಕೆಲಸ ಇದೆ. 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ರಾನ್ಸಿಸ್ಕಾ ಬಾಮ್‌ಗಾರ್ಟನ್ ಟ್ರಾಮರ್ ಅನ್ನುವ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ್ದು. 7ರಿಂದ 15 ವರ್ಷದ ಸಾವಿರಕ್ಕೂ ಜಾಸ್ತಿ ಮಕ್ಕಳಿಗೆ ಆಕೆ ಕೇಳಿದ್ದು ಎರಡೇ ಪ್ರಶ್ನೆ. ನಿನ್ನ ಎಲ್ಲಕ್ಕಿಂತ ದೊಡ್ಡ ಆಸೆ ಏನು? ಅದನ್ನು ಈಡೇರಿಸಿದವರಿಗೆ ನೀನು ಏನು ಮಾಡುತ್ತೀಯ? ಬಂದ ಉತ್ತರಗಳನ್ನು ಆಕೆ ನಾಲ್ಕು ಬಗೆ ಮಾಡಿದರು. ಬರೀ ಥ್ಯಾಂಕ್ಸ್ ಹೇಳುವವರು. ತಮಗೆ ಇಷ್ಟವಾದ ಯಾವುದಾದರೂ ವಸ್ತು ಕೊಟ್ಟು ಲೆಕ್ಕ ಚುಕ್ತಾ ಮಾಡುವವರು. ಸಿಕ್ಕಿದ್ದನ್ನು ಚೆನ್ನಾಗಿ ಬಳಸಿ ಮುಂದೆ ಬರುತ್ತೇನೆ ಅನ್ನುವವರು. ಕೊನೆಯ ಬಗೆಯವರು, ಕೊಟ್ಟವರಿಗೆ ಏನು ಬೇಕಾಗಿದೆ ಅಂತ ಯೋಚಿಸಿ ಅದನ್ನು ಮಾಡುವವರು. ಈಚೆಗೆ ಜೊನಾಥನ್ ಟಜ್ ಮತ್ತು ಅವರ ಜೊತೆಗಾರರು ಇದೇ ಪ್ರಶ್ನೆಗಳನ್ನು ಬೇರೆ ಬೇರೆ ದೇಶಗಳ ಮಕ್ಕಳಿಗೆ ಕೇಳಿದರು. 2015ರಲ್ಲಿ ಬಂದ ಹೋಲಿಕೆಯಲ್ಲಿ ಕೊನೆಯ ಬಗೆಯ ಉತ್ತರ ಅಮೆರಿಕದ ಮಕ್ಕಳಿಗಿಂತ ಚೀನಾದ ಮಕ್ಕಳಲ್ಲಿ ಜಾಸ್ತಿ ಇತ್ತು. ಅಂದರೆ ವಯಸ್ಸು ಒಂದೇ ಆದರೂ ಬೆಳೆದ ಮನೆ, ಬೆಳೆದ ಸಮಾಜ ಬೇರೆಯಾದರೆ ಉಪಕಾರ ತೀರಿಸುವ ಯೋಚನೆಯೂ ಬೇರೆಯಾಗುತ್ತದೆ.

ನಾನೂ ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದೆ. ಅಧ್ಯಯನ ಗಿಧ್ಯಯನ ಏನಲ್ಲ. ಹೊರಗೆ ಮಳೆ, ಆಟದ ಪಿರಿಯಡ್ ಹಾಳಾಗಿತ್ತು. ಆಸೆಗಳಂತೂ ಬಣ್ಣ ಬಣ್ಣದವು. ಪೊಲೀಸ್ ಆಗಬೇಕು, ಬುಲೆಟ್ ಬೈಕ್ ಬೇಕು, ಅಪ್ಪ ಕುಡಿಯೋದು ಬಿಡಬೇಕು. ಎರಡನೇ ಪ್ರಶ್ನೆಗೆ ಬಂದಾಗ ಎಲ್ಲ ಬಣ್ಣ ಹೋಯಿತು. ಚೆನ್ನಾಗಿ ಓದ್ತೀನಿ ಸಾರ್. ಒಳ್ಳೆ ಹೆಸರು ತರ್ತೀನಿ. ತೊಂಬತ್ತು ಪರ್ಸೆಂಟ್ ತೆಗೀತೀನಿ. ಬುಲೆಟ್ ಕೊಡಿಸಿದವರಿಗೂ ತೊಂಬತ್ತು ಪರ್ಸೆಂಟ್, ಅಪ್ಪನ ಕುಡಿತ ಬಿಡಿಸಿದವರಿಗೂ ತೊಂಬತ್ತು ಪರ್ಸೆಂಟ್! ಪಾಪ, ಅವರ ತಪ್ಪೇನೂ ಇಲ್ಲ. ಬ್ಯಾಂಕಿನ ಸಾಲದ ಹಾಗೆ ಮಕ್ಕಳಿಗೆ ಊಟ, ಬಟ್ಟೆ, ಫೀಸು ಕೊಟ್ಟು, ಮಾರ್ಕ್ಸ್ ರೂಪದಲ್ಲಿ ಕಂತು ವಸೂಲಿ ಮಾಡುವವರು ನಾವೇ. ಅವರಿಗೆ ಗೊತ್ತಿರುವ ನಾಣ್ಯ ಅದೊಂದೇ.

ಒಬ್ಬ ಹುಡುಗ ಮಾತ್ರ ಬೇರೆ ಹೇಳಿದ. "ಅವರಿಗೆ ಏನು ಬೇಕೋ ನಂಗೆ ಗೊತ್ತಿಲ್ವಲ್ಲ ಸಾರ್. ಮೊದಲು ಕೇಳ್ಬೇಕು." ಕ್ಲಾಸ್ ಗೊಳ್ಳೆಂದು ನಕ್ಕಿತು. ಓದಿನಲ್ಲಿ ಅಷ್ಟಕ್ಕಷ್ಟೇ ಆ ಹುಡುಗ. ಆದರೆ ಕೈಬರಹ ಮುತ್ತು ಪೋಣಿಸಿದ ಹಾಗೆ. ಅದಕ್ಕೇ ಅವರ ನೆಂಟರಿಷ್ಟರ ಮದುವೆಗಳಲ್ಲಿ ಮುಯ್ಯಿ ಬರೆಯಲು ಅವನನ್ನೇ ಕೂರಿಸುತ್ತಾರೆ.

ಮುಯ್ಯಿ ಬರೆದವರಿಗೆ ಗೊತ್ತು, ಅದೊಂದು ದೊಡ್ಡ ಪಾಠಶಾಲೆ. ಛತ್ರದ ಬಾಗಿಲ ಬಳಿ ಒಂದು ಟೇಬಲ್, ಒಂದು ಉದ್ದನೆ ನೋಟ್‌ಬುಕ್, ಪಕ್ಕದಲ್ಲಿ ದುಡ್ಡಿನ ಚೀಲ ಹಿಡಿದ ದೊಡ್ಡಪ್ಪ. ಹೆಸರು, ಊರು, ಯಾರ ಮಗ, ಎಷ್ಟು ರೂಪಾಯಿ. ನಾಳೆ ಅವರ ಮನೆಯಲ್ಲಿ ಕಾರ್ಯ ಆದಾಗ ಇದೇ ಪುಸ್ತಕ ತೆಗೆದು ನೋಡಿ, ಅದಕ್ಕಿಂತ ಸ್ವಲ್ಪ ಮೇಲೆ ಹಾಕುತ್ತಾರೆ. ಹೊರಗಿನವರಿಗೆ ಇದು ಬರೀ ಲೆಕ್ಕ ಅನ್ನಿಸಬಹುದು. ಆದರೆ ಅಲ್ಲಿ ಕೂತ ಹುಡುಗ ಇನ್ನೂ ಏನೇನೋ ಕೇಳಿಸಿಕೊಳ್ಳುತ್ತಾನೆ. ಯಾರೋ ನೂರಾ ಒಂದು ಬರೆಸಿ ಹೋಗುತ್ತಾರೆ. ದೊಡ್ಡಪ್ಪ ಮೆಲ್ಲಗೆ ಹೇಳುತ್ತಾರೆ, "ಆ ಮನುಷ್ಯನ ದುಡ್ಡು ನೋಡ್ಬೇಡ ಕಣಪ್ಪ, ಮೊನ್ನೆಯಿಂದ ಚಪ್ಪರದ ಕೆಲಸ ಪೂರ್ತಿ ಅವನದೇ. ಅವನ ಮಗಳ ಮದುವೆಗೆ ನಾವು ನಾಲ್ಕು ದಿನ ಮುಂಚೆನೇ ಹೋಗ್ಬೇಕು." ಯಾರಿಗೆ ಯಾವಾಗ ಏನು ಬೇಕಾಗುತ್ತದೆ ಅನ್ನುವ ಲೆಕ್ಕ ಇದು, ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದೂ ಹೀಗೇ. ಇವತ್ತು ನಿಮ್ಮ ನಾಟಿಗೆ ನಾವು, ನಾಡಿದ್ದು ನಮ್ಮ ನಾಟಿಗೆ ನೀವು. ಯಾರೂ ಯಾರಿಗೂ ಥ್ಯಾಂಕ್ಸ್ ಹೇಳುವುದಿಲ್ಲ. ಹೇಳಿದರೆ ಇವನ್ಯಾಕೆ ಹೊರಗಿನವನ ಥರ ಆಡ್ತಾನೆ ಅಂದುಕೊಳ್ಳುತ್ತಾರೆ. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದೊರೈ 1985ರಲ್ಲಿ ದಕ್ಷಿಣ ಭಾರತದ ಕೃತಜ್ಞತೆಯ ಬಗ್ಗೆಯೇ ಒಂದು ಲೇಖನ ಬರೆದರು. ನಮ್ಮಲ್ಲಿ ಕೃತಜ್ಞತೆ ಬಾಯಿಮಾತಿಗಿಂತ ಹೆಚ್ಚಾಗಿ ನಡವಳಿಕೆಯಲ್ಲಿ, ತಿರುಗಿ ಕೊಡುವುದರಲ್ಲಿ ಕಾಣುತ್ತದೆ ಅನ್ನುವುದು ಅದರ ತಿರುಳು. ಹಳ್ಳಿಯಲ್ಲಿ ಬೆಳೆದ ಯಾರಿಗೂ ಇದು ಹೊಸ ವಿಷಯವಲ್ಲ.

ಮನುಷ್ಯರಿಗೆ ಮಾತ್ರ ಅಂತಲೂ ಇಲ್ಲ. ಮಲೆನಾಡಿನ ಕಡೆ ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ಬಸುರಿ ಹೆಂಗಸಿಗೆ ಬಡಿಸುವಂತೆ ಭೂಮಿಗೆ ಬಡಿಸುತ್ತಾರೆ. ಕಲಬುರಗಿ, ವಿಜಯಪುರದ ಕಡೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಅಂದರೆ ಮಾಡಿದ ಅಡುಗೆಯನ್ನು ಭೂಮಿಗೆ ಎರಚುತ್ತಾರೆ. ಅಲ್ಲಿಯ ಮಕ್ಕಳಿಗೆ ಭೂಮಿಯ ಉಪಕಾರದ ಬಗ್ಗೆ ಭಾಷಣ ಬೇಕಿಲ್ಲ, ಬುಟ್ಟಿ ಹೊರಲು ಕರೆದರೆ ಸಾಕು.

ನಮ್ಮ ಸಂಸ್ಕೃತಿ ಎಷ್ಟು ದೊಡ್ಡದು ನೋಡಿ ಅಂತ ಇಲ್ಲಿಗೇ ಪೋಸ್ಟ್ ಮುಗಿಸಿದರೆ ಲೈಕು ಜಾಸ್ತಿ ಬರುತ್ತವೆ. ಆದರೆ ಮುಯ್ಯಿ ಇರುವುದು ಸರೀಕರ ನಡುವೆ ಮಾತ್ರ. ಸರೀಕರಲ್ಲದವರ ಹತ್ತಿರ ಇದೇ ಸಂಸ್ಕೃತಿ ಬೇರೆಯೇ ಭಾಷೆ ಮಾತಾಡಿದೆ. ಅನ್ನದ ಋಣ, ಉಪ್ಪಿನ ಋಣ ಅನ್ನುತ್ತಲೇ ತಲೆಮಾರುಗಟ್ಟಲೆ ಜನರನ್ನು ಜೀತಕ್ಕೆ ಇಟ್ಟುಕೊಂಡ ನಾಡು ಇದು. ಜೀತ ರದ್ದು ಮಾಡುವ ಕಾನೂನು ಬರಲು 1976 ಆಗಬೇಕಾಯಿತು. "ನಿಮ್ಮ ತಾತ ನಮ್ಮನೆ ಅನ್ನ ತಿಂದು ಬೆಳೆದೋನು" ಅನ್ನುವ ಮಾತನ್ನು ಈಗಲೂ ಕೇಳಿಸಿಕೊಂಡು ಸ್ಕೂಲಿಗೆ ಬರುವ ಮಕ್ಕಳಿದ್ದಾರೆ. ಆ ತಾತ ಉತ್ತು ಬೆಳೆದ ಅನ್ನ ಯಾರು ತಿಂದರು ಅಂತ ಆ ಹುಡುಗ ತಿರುಗಿ ಕೇಳಿದರೆ ಅವನಿಗೆ ಕೊಬ್ಬು! ಋಣದ ಬಗ್ಗೆ ವೇದಿಕೆ ಮೇಲೆ ಭಾಷಣ ಮಾಡುವವರು ಮುಂದಿನ ಸಾಲಿನಲ್ಲಿ ಯಾರ ಮೊಮ್ಮಕ್ಕಳು ಕೂತಿದ್ದಾರೆ ಅಂತ ಒಮ್ಮೆ ನೋಡಲಿ.

ಹಕ್ಕಿನಿಂದ ಬಂದದ್ದಕ್ಕೂ ಕೈಮುಗಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಯೋಜನೆ ಬಂತು. ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಹೈಸ್ಕೂಲು ಮುಗಿಸಿದರು, ಒಳ್ಳೆಯ ಯೋಜನೆ. ಆದರೆ ಸೈಕಲ್ ಹಂಚುವ ದಿನ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು ಸಾಹೇಬರಿಗಾಗಿ ಕಾಯಬೇಕಿತ್ತು, ಬಂದಮೇಲೆ ನಗುತ್ತಾ ಫೋಟೋಗೆ ನಿಲ್ಲಬೇಕಿತ್ತು. ಜನರ ತೆರಿಗೆ ದುಡ್ಡಿನ ಸೈಕಲ್ ಅದು. ಹಾಸ್ಟೆಲ್ ಮಕ್ಕಳಿಗೂ ಅಷ್ಟೇ, ಸಾರು ನೀರಾಗಿದೆ ಅಂದರೆ "ಸಿಕ್ಕಿದ್ದಕ್ಕೆ ಖುಷಿ ಪಡು" ಅನ್ನುತ್ತಾರೆ. ಇದು ಯಾರೋ ಪ್ರೀತಿಯಿಂದ ಮಾಡಿದ್ದು, ಇದು ನನಗೆ ಬರಬೇಕಾದದ್ದು ಅನ್ನುವ ವ್ಯತ್ಯಾಸ ಹದಿನಾಲ್ಕು ಹದಿನೈದರಲ್ಲಿ ತಿಳಿಯದಿದ್ದರೆ ಮುಂದೆ ಓಟು ಹಾಕುವಾಗಲೂ ತಿಳಿಯುವುದಿಲ್ಲ.

ಹೆಣ್ಣುಮಕ್ಕಳ ಕಥೆ ಇನ್ನೊಂದು. ಬೆಳಗ್ಗೆ ಎದ್ದು ನೀರು ಹಿಡಿದು, ತಮ್ಮನನ್ನು ರೆಡಿ ಮಾಡಿ, ಪಾತ್ರೆ ತೊಳೆದು ಸ್ಕೂಲಿಗೆ ಓಡಿ ಬರುವ ಹುಡುಗಿಗೆ ಮನೆಯಲ್ಲಿ ಯಾರಾದರೂ "ನಿನ್ನಿಂದ ಬಹಳ ಅನುಕೂಲ ಆಯ್ತು ಕಣಮ್ಮ" ಅಂದಿದ್ದಾರಾ? ಅದೇ ಹುಡುಗಿ ಪಿಯುಸಿಗೆ ಸೇರುತ್ತೇನೆ ಅಂದಾಗ ಮಾತ್ರ ಹಳೇ ಲೆಕ್ಕವೆಲ್ಲ ಹೊರಗೆ ಬರುತ್ತದೆ. "ಇಷ್ಟು ಓದಿಸಿದ್ದೇ ದೊಡ್ಡದು." ಉಪಕಾರ ಅನ್ನೋದು ಮಕ್ಕಳಿಂದ ದೊಡ್ಡವರ ಕಡೆಗೂ ಹರಿಯುತ್ತದೆ ಅಂತ ಒಪ್ಪಿಕೊಳ್ಳಲು ನಮಗೆ ಅದೇನು ಕಷ್ಟವೋ! ಸಿಟಿಯ ಇಂಗ್ಲಿಷ್ ಮೀಡಿಯಂ ಮನೆಗಳಲ್ಲಿ ಈ ವಿಷಯ ಸ್ವಲ್ಪ ವಾಸಿ. ಅಲ್ಲಿ ಮಗಳು ಕಾಫಿ ತಂದುಕೊಟ್ಟರೆ ಅಪ್ಪ ಥ್ಯಾಂಕ್ಯೂ ಅನ್ನುತ್ತಾನೆ. ನಾಟಕೀಯ ಅಂತ ನಾವು ನಗುತ್ತೇವೆ. ನಗಬಾರದು ಅಂತ ನನಗೆ ಈಚೆಗೆ ಅನ್ನಿಸತೊಡಗಿದೆ.

ಇನ್ನು ನಮ್ಮ ಶಾಲೆಗಳ ಬಿಸಿಯೂಟದ ಅಡುಗೆಯವರು. 2002ರಲ್ಲಿ ಕರ್ನಾಟಕದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಆಮೇಲೆ ರಾಜ್ಯಕ್ಕೆಲ್ಲ ಹರಡಿತು, ಹೈಸ್ಕೂಲಿಗೂ ಬಂತು. ಅಡುಗೆಯವರಿಗೆ ಸಿಗುವುದು ಗೌರವಧನ, ಅದೂ ಕೈಗೆ ಬರುವುದು ತಡ. ಅದಕ್ಕಾಗಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. 60 ತುಂಬಿದರೆ ಮನೆಗೆ. ಮೇಷ್ಟ್ರು ನಿವೃತ್ತರಾದರೆ ಶಾಲು, ಹಾರ, ಫಲತಾಂಬೂಲ, ಗ್ರೂಪ್ ಫೋಟೋ. ಅಡುಗೆಯವರು ಹೋದರೆ ಮಾರನೇ ದಿನ ಸಾರಿನ ರುಚಿ ಬೇರೆಯಾಗುತ್ತದೆ, ಅಷ್ಟೆ.

ನಮ್ಮ ಸ್ಕೂಲಿನ ಅಡುಗೆಯಮ್ಮ ಬಿಟ್ಟು ಹೋಗುವಾಗ ಮಕ್ಕಳು ತಾವೇ ದುಡ್ಡು ಸೇರಿಸಿ ಸೀರೆ ತರಲು ಹೊರಟಿದ್ದರು. ಯಾವ ಬಣ್ಣ ಅಂತ ಜಗಳವೂ ಆಯಿತು. ಮುಯ್ಯಿ ಬರೆಯುವ ಹುಡುಗ ಸುಮ್ಮನೆ ಅಡುಗೆಮನೆಗೆ ಹೋಗಿ "ನಿಮಗೆ ಏನು ಬೇಕು ಅಮ್ಮಾ?" ಅಂತ ಕೇಳಿಕೊಂಡು ಬಂದ. "ಸೀರೆಯೆಲ್ಲ ಬ್ಯಾಡ ಮಗಾ, ಆ ಪಿಂಚಣಿ ಅರ್ಜಿ ಯಾರಾದ್ರೂ ಬರೆದುಕೊಡ್ರೋ" ಅಂದರಂತೆ. ಅರ್ಜಿಯನ್ನು ಅವನೇ ಬರೆದ. ಶನಿವಾರ ಮಧ್ಯಾಹ್ನ ಇನ್ನೊಬ್ಬನನ್ನು ಕರೆದುಕೊಂಡು, ಆಯಮ್ಮನ ಜೊತೆ ನಾಡಕಚೇರಿಗೂ ಹೋದ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಲ್ಲ ಅಂತ ವಾಪಸ್ ಕಳಿಸಿದರು. ಮುಂದಿನ ವಾರ ಬ್ಯಾಂಕಿಗೆ ಹೋಗಬೇಕು, ಅರ್ಧ ದಿನ ರಜೆ ಕೊಡಿ ಸಾರ್ ಅಂತ ನನ್ನ ಮುಂದೆ ಬಂದು ನಿಂತ. ಯೂನಿಟ್ ಟೆಸ್ಟ್ ಇತ್ತು. ಕೊಟ್ಟೆ.