ಸರ್, ಒಂದು ಡೌಟ್

ಫ್ರಾಂಕ್‌ಫರ್ಟ್ ಹತ್ತಿರದ ಒಂದು ಸಣ್ಣ ಊರಿಗೆ ನಾನು ಬಂದು ಹನ್ನೊಂದು ವರ್ಷವಾಯಿತು. ಏನು ಕೆಲಸ ಅಂತ ಊರಲ್ಲಿ ಯಾರಾದರೂ ಕೇಳಿದರೆ "ವಿಮಾನಕ್ಕೆ ದಾರಿ ಹಾಕೋದು" ಅನ್ನುತ್ತೇನೆ. ಮೋಡ ಕವಿದು ಕಣ್ಣಿಗೆ ಏನೂ ಕಾಣದಿದ್ದಾಗ ವಿಮಾನ ಎಲ್ಲಿವರೆಗೆ ಇಳಿಯಬಹುದು, ಎಲ್ಲಿ ತಿರುಗಬೇಕು, ರನ್‌ವೇ ಕಾಣದೇ ಹೋದರೆ ಯಾವ ಕಡೆ ಮೇಲೇರಬೇಕು, ಇದನ್ನೆಲ್ಲ ಲೆಕ್ಕ ಹಾಕಿ ಚಾರ್ಟ್ ಮಾಡೋದು. ನನ್ನ ಟೀಮಿನಲ್ಲಿ ಹದಿನಾಲ್ಕು ಜನ. ಐದು ಜನ ಇಲ್ಲಿ, ಒಂಬತ್ತು ಜನ ಬೆಂಗಳೂರಲ್ಲಿ.

ಚಾರ್ಟ್ ಬದಲಾಯಿಸೋಕೆ ಜಗತ್ತಿಗೆಲ್ಲ ಒಂದೇ ಪಂಚಾಂಗ. 28 ದಿನಕ್ಕೊಮ್ಮೆ, ಅದೂ ಗುರುವಾರವೇ. ಏರಾಕ್ ಸೈಕಲ್ ಅಂತ ಹೆಸರು. ಆ ದಿನ ತಪ್ಪಿದರೆ ಮುಂದಿನ ಗುರುವಾರ ಅಲ್ಲ, ಇನ್ನೂ 28 ದಿನ ಕಾಯಬೇಕು. ಅಮ್ಮನಿಗೆ ಹೇಳಿದಾಗ "ರಾಯರ ವಾರ, ಒಳ್ಳೇದೇ ಆಯ್ತು ಬಿಡು" ಅಂದರು.

ಲೆಕ್ಕವೂ ಎರಡೂ ಕಡೆ ಒಂದೇ. ರನ್‌ವೇ ಕಡೆಗೆ ಇಳಿಯೋ ದಾರಿಗೆ ಅಪ್ರೋಚ್ ಅನ್ನುತ್ತೇವೆ. ಗ್ಲೈಡ್ ಪಾತ್, ಅಂದರೆ ಯಾವ ಇಳಿಜಾರಿನಲ್ಲಿ ಇಳಿಯಬೇಕು ಅಂತ ತೋರಿಸೋ ಸಿಗ್ನಲ್, ಇಲ್ಲದ ಸಾದಾ ಅಪ್ರೋಚ್ ಆದರೆ ಮೊದಲ ಹಂತದಲ್ಲಿ ವಿಮಾನ ಕೆಳಗಿನ ಗುಡ್ಡ, ಟವರ್‌ಗಳಿಗಿಂತ ಕನಿಷ್ಠ 300 ಮೀಟರ್ ಮೇಲಿರಬೇಕು. ನಡುವಿನ ಹಂತದಲ್ಲಿ 150. ಕೊನೆಯ ಹಂತದಲ್ಲಿ ಸಾಮಾನ್ಯವಾಗಿ 75. ಕೊನೆಗೆ ಬರುವ ಎತ್ತರವನ್ನು ಯಾವಾಗಲೂ ಮೇಲಕ್ಕೇ ರೌಂಡ್ ಮಾಡಬೇಕು. ಅರ್ಧ ಅಡಿ ತಾನೇ, ಸ್ವಲ್ಪ ಅಡ್ಜಸ್ಟ್ ಮಾಡಿ ಅನ್ನೋ ಮಾತೇ ಇಲ್ಲ. ಮರ ಇದ್ದರೆ ನಾಳೆ ಬೆಳೆಯುತ್ತೆ ಅಂತ ಅದಕ್ಕೂ ಒಂದಿಷ್ಟು ಸೇರಿಸುತ್ತೇವೆ. ಹಾಗಾಗಿ ಲೆಕ್ಕದಲ್ಲಿ ಜಗಳ ಬರಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಚೆಕ್ ಮಾಡುತ್ತಾರಲ್ಲ, ಫಜೀತಿ ಇರೋದು ಅಲ್ಲಿ.

ಬೆಂಗಳೂರಿನ ನನ್ನ ಹಳೇ ಆಫೀಸಿನ ಕಥೆ ಹೇಳುತ್ತೇನೆ. ಡಿಸೈನ್ ನಂದು. ಚೆಕ್ ಮಾಡಬೇಕಾದವಳು ತುಮಕೂರಿನ ಹುಡುಗಿ, ಸೇರಿ ಎಂಟು ತಿಂಗಳಾಗಿತ್ತು. ನನ್ನ ಟೇಬಲ್ ಹತ್ತಿರ ಬಂದು "ಸರ್, ಒಂದು ಡೌಟ್. ಆ ಗುಡ್ಡದ ಎತ್ತರ..." ಅಂದಳು. ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ "ಸರ್ವೇ ನೋಡಿದೀನಮ್ಮ, ಸರಿ ಇದೆ, ಮುಂದೆ ಕಳಿಸು" ಅಂದೆ. ಸುಮ್ನೆ ಹೋಗಿ ಸಹಿ ಹಾಕಿದಳು. ಸರ್ವೇಯಲ್ಲಿ 2,310 ಅಡಿ ಇತ್ತು. ನಾನು ಟೈಪ್ ಮಾಡಿದ್ದು 2,130. ಮೂರನೆಯವರ ಕಣ್ಣಿಗೆ ಬಿದ್ದಿದ್ದಕ್ಕೆ ಅಲ್ಲಿಗೇ ನಿಂತಿತು. ಮೀಟಿಂಗಿನಲ್ಲಿ ಬೈಸಿಕೊಂಡವಳು ಮಾತ್ರ ಅವಳು. ನಾನೂ ಬಾಯಿ ಬಿಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಇಲ್ಲಿಗೆ ಬಂದ ಮೊದಲ ತಿಂಗಳೇ ಇಪ್ಪತ್ತಾರು ವರ್ಷದ ಒಬ್ಬ ಹುಡುಗ ನನ್ನ ಡ್ರಾಯಿಂಗ್ ಮೇಲೆ ಕೆಂಪು ಪೆನ್ನಿನಲ್ಲಿ ಗುಂಡಗೆ ಸುತ್ತಿ, ಎಲ್ಲರ ಮುಂದೆ "ಇದು ತಪ್ಪು" ಅಂದ. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ. ಮನೆಗೆ ಬಂದು ಹೆಂಡತಿ ಹತ್ತಿರ ಅರ್ಧ ಗಂಟೆ ಗೊಣಗಿದೆ. ಆದರೆ ತಪ್ಪು ತಪ್ಪೇ ಆಗಿತ್ತು. ಮಧ್ಯಾಹ್ನ ಅದೇ ಹುಡುಗ ನನ್ನ ಜೊತೆ ಕೂತು ಕೇಕ್ ತಿಂದ. ಅವನ ಮಟ್ಟಿಗೆ ಅಲ್ಲಿ ಏನೂ ನಡೆದೇ ಇರಲಿಲ್ಲ. ಇಲ್ಲಿ ಇದಕ್ಕೆ ನಾಲ್ಕು ಕಣ್ಣಿನ ನಿಯಮ ಅನ್ನುತ್ತಾರೆ. ನಮ್ಮಲ್ಲೂ ಕಣ್ಣು ನಾಲ್ಕೇ. ಆದರೆ ಅದರಲ್ಲಿ ಎರಡು, ಇನ್ನೆರಡರ ಮುಖ ನೋಡುತ್ತಿರುತ್ತವೆ.

ಈ ಹಿಂಜರಿಕೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಹೊಸಬರಿಗೆ 1974ರ ಡಿಸೆಂಬರ್ 1ರ ಕಥೆ ಹೇಳುತ್ತೇನೆ. ಟಿಡಬ್ಲ್ಯೂಎ ಅನ್ನೋ ಅಮೆರಿಕದ ಕಂಪನಿಯ 514ನೇ ನಂಬರಿನ ವಿಮಾನ, ವಾಷಿಂಗ್ಟನ್ ಹತ್ತಿರದ ಡಲ್ಲಸ್ ಏರ್‌ಪೋರ್ಟಿಗೆ ಇಳಿಯಬೇಕಿತ್ತು. ಚಾರ್ಟಿನಲ್ಲಿ ಅಲ್ಲಿಗೆ ಕನಿಷ್ಠ ಎತ್ತರ 3,400 ಅಡಿ ಅಂತ ಇದ್ದದ್ದನ್ನು ಪೈಲಟ್‌ಗಳು ನೋಡಿದ್ದರು, ಆ ಬಗ್ಗೆ ಮಾತೂ ಆಡಿಕೊಂಡಿದ್ದರು. ಆದರೂ ಕಂಟ್ರೋಲರ್ ಅಪ್ರೋಚ್‌ಗೆ ಅನುಮತಿ ಕೊಟ್ಟಿದ್ದಾರೆ, ಹಾಗಾದರೆ 1,800ಕ್ಕೆ ಇಳಿಯಬಹುದು ಅಂದುಕೊಂಡರು. ವಿಮಾನ ಮೌಂಟ್ ವೆದರ್ ಗುಡ್ಡಕ್ಕೆ ಬಡಿಯಿತು, 92 ಜನ ಹೋದರು. ಆರು ವಾರ ಮುಂಚೆ ಬೇರೆ ಕಂಪನಿಯ ವಿಮಾನ ಅದೇ ಗುಡ್ಡದ ಮೇಲೆ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸುದ್ದಿ ಆ ಕಂಪನಿಯ ಒಳಗೇ ಉಳಿಯಿತು. ಇದಾದ ಮೇಲೆಯೇ 1976ರಲ್ಲಿ ನಾಸಾ ಕೈಯಲ್ಲಿ, ಯಾರು ಬೇಕಾದರೂ ಹೆದರದೆ ವರದಿ ಮಾಡುವ ವ್ಯವಸ್ಥೆ ಶುರುವಾಯಿತು.

ಹಾಗಂತ ಜರ್ಮನ್ನರ ದಾರಿಯೇ ಮೇಲು ಅಂತ ಒಪ್ಪೋಕೆ ನಾನು ತಯಾರಿಲ್ಲ. ಎರಡು ವರ್ಷದ ಹಿಂದೆ ಒಂದು ಸಣ್ಣ ಏರ್‌ಪೋರ್ಟಿನ ಕೆಲಸ ನಡೀತಿತ್ತು. ಸ್ಯಾಟಲೈಟ್ ಫೋಟೋದಲ್ಲಿ ಉದ್ದಕ್ಕೆ ಬಿದ್ದ ಒಂದು ನೆರಳು. ಸರ್ವೇಯಲ್ಲಿ ಅಲ್ಲಿ ಏನೂ ಇಲ್ಲ. ಇಲ್ಲಿಯವರು "ಡೇಟಾದಲ್ಲಿಲ್ಲ" ಅಂತ ಮುಂದಕ್ಕೆ ಹೋದರು. ಬೆಂಗಳೂರಿನ ಹುಡುಗನಿಗೆ ಸಮಾಧಾನ ಆಗಲಿಲ್ಲ, ಆ ಏರ್‌ಪೋರ್ಟಿಗೆ ಫೋನ್ ಮಾಡಿಯೇಬಿಟ್ಟ. ಹೌದು, ಹೊಸ ಚಿಮಣಿ ಕಟ್ಟುತ್ತಿದ್ದಾರೆ ಅಂದರಂತೆ. ಇಲ್ಲಿ ದೊಡ್ಡ ಗಲಾಟೆ. ಫೋನಲ್ಲಿ ಹೇಳಿದ್ದು ಡೇಟಾ ಅಲ್ಲ, ಹಾಗೆ ಕೇಳೋ ಹಕ್ಕು ಅವನಿಗಿಲ್ಲ ಅಂತ. ಅವರ ಮಾತಲ್ಲೂ ನ್ಯಾಯ ಇತ್ತು. ಅಧಿಕೃತ ಪತ್ರ ಬರುವವರೆಗೆ ಒಂದು ಗೆರೆಯನ್ನೂ ಬದಲಾಯಿಸುವಂತಿಲ್ಲ. ಪತ್ರ ಬರಲು ಎರಡು ವಾರ ಹಿಡಿಯಿತು, ಒಂದು ಸೈಕಲ್ ತಪ್ಪಿತು. ಆದರೆ ಆ ನೆರಳು ಏನು ಅಂತ ತಲೆ ಕೆಡಿಸಿಕೊಂಡಿದ್ದು ಯಾರು? ಆ ಕುತೂಹಲಕ್ಕೆ ಯಾವ ಫಾರ್ಮಿನಲ್ಲೂ ಕಾಲಂ ಇಲ್ಲ.

ಮ್ಯಾನೇಜರ್ ಆಗಿ ನಾನು ಮಾಡಿದ ಒಂದೇ ದೊಡ್ಡ ಕೆಲಸ ಅಂದರೆ ಅನುವಾದ. "ಒಂದು ಡೌಟ್" ಅಂದರೆ ನಮ್ಮವರ ಬಾಯಲ್ಲಿ "ನೀವು ತಪ್ಪು ಮಾಡಿದ್ದೀರಿ" ಅಂತ ಅರ್ಥ. "ಸಣ್ಣ ಡೌಟ್" ಅಂದರೆ ದೊಡ್ಡ ತಪ್ಪು. ಜರ್ಮನ್ನರಿಗೆ ಇದು ಗೊತ್ತಿಲ್ಲ. ಪಾಪ, ಏನೋ ಅರ್ಥವಾಗಿಲ್ಲ ಅಂತ ಹತ್ತು ನಿಮಿಷ ಪಾಠ ಮಾಡಿ ಮುಂದೆ ಹೋಗಿಬಿಡುತ್ತಾರೆ. ಅದಕ್ಕೇ ಒಂದು ನಿಯಮ ಮಾಡಿದೆ: ಕಾಲ್‌ನಲ್ಲಿ ಡೌಟ್ ಅನ್ನೋ ಪದ ಬಂದರೆ ಅಲ್ಲಿಗೆ ಕೆಲಸ ನಿಲ್ಲಬೇಕು. ಕೇಳಿದವರು ಸಾಕು ಅನ್ನುವವರೆಗೆ ಯಾರೂ ಸಹಿ ಹಾಕುವಂತಿಲ್ಲ. ಇಲ್ಲಿಯವರಿಗೆ ಮೊದಲು ನಗು ಬಂತು. ಈಗ ಅವರೇ "ಡೌಟ್?" ಅಂತ ಕೇಳುತ್ತಾರೆ.

ಹೋದ ತಿಂಗಳು ಹಾಸನದ ಹುಡುಗಿಯೊಬ್ಬಳು ಕಾಲ್‌ನಲ್ಲಿ ಡೌಟ್ ಗೀಟ್ ಏನೂ ಅನ್ನದೆ ನೇರವಾಗಿ "ಇದು ತಪ್ಪಿದೆ" ಅಂದಳು. ಕಾಲ್ ಮುಗಿದ ಮರುಕ್ಷಣ ನನಗೆ ಮೆಸೇಜ್: "ಸರ್, ಜಾಸ್ತಿ ಖಾರವಾಗಿ ಹೇಳಿದ್ನಾ? ಅವರಿಗೆ ಬೇಜಾರಾಯ್ತೇನೋ." ನಾನು ಉತ್ತರ ಟೈಪ್ ಮಾಡುವಷ್ಟರಲ್ಲಿ ಆ ಜರ್ಮನ್ ತಿದ್ದಿದ ಫೈಲ್ ಕಳಿಸಿ ಊಟಕ್ಕೆ ಹೋಗಿದ್ದ.