ಮೈಲುತುತ್ತಿನ ತಂಪು

ನಮ್ಮ ಕಾಸರಗೋಡು ಕಡೆ ಮಳೆಗಾಲ ಅಂದರೆ ಅಡಿಕೆಗೆ ಮದ್ದು ಬಿಡುವ ಕಾಲ. ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೋರ್ಡೋ ದ್ರಾವಣದ ಈ ಲೆಕ್ಕ ತೋಟ ಇರುವವರಿಗೆ ಬಾಯಿಪಾಠ. ಆದರೆ ಮೈಲುತುತ್ತು ಕರಗುವಾಗ ನೀರು ಚೂರು ತಣ್ಣಗಾಗುತ್ತದೆ ಅನ್ನುವುದನ್ನು ಯಾರು ಗಮನಿಸುತ್ತಾರೆ? ಹತ್ತು ಲೀಟರಿಗೆ ಒಂದು ಕಿಲೋ ಹಾಕಿದರೆ ಇಳಿಯುವುದು ಬರೀ 1 ಡಿಗ್ರಿ, ಮಳೆಯಲ್ಲಿ ನೆನೆದ ಕೈಗೆ ಅದೆಲ್ಲ ಗೊತ್ತಾಗುವುದಿಲ್ಲ. ಪಕ್ಕದ ಪಾತ್ರೆಯಲ್ಲಿ ಸುಟ್ಟ ಸುಣ್ಣ ಕೊತಕೊತ ಕುದಿಯುತ್ತಿದ್ದರಂತೂ ಎಲ್ಲರ ಕಣ್ಣೂ ಅದರ ಮೇಲೆಯೇ.

ಈ ತಂಪನ್ನು ಅಳೆಯಲು ದೊಡ್ಡ ಲ್ಯಾಬ್ ಏನೂ ಬೇಡ. ಥರ್ಮೋಕೋಲ್ ಲೋಟ, ಒಂದು ಮುಚ್ಚಳ, ಥರ್ಮಾಮೀಟರ್ ಸಾಕು. 2020ರಿಂದ ಕೇರಳದಲ್ಲಿ ಇಂಥ ಲೋಟಕ್ಕೆ ನಿಷೇಧ ಇದೆ, ಹಾಗಾಗಿ ಗಾಜಿನ ಲೋಟಕ್ಕೆ ಹಳೆ ಬೈರಾಸು ಸುತ್ತಿದರೂ ನಡೆದೀತು. (ಆ ಲೋಟ ಮತ್ತೆ ಅಡುಗೆಮನೆಗೆ ಬರಬಾರದು, ವಿಷ ಅದು.) 100 ಮಿಲಿಲೀಟರ್ ನೀರಿಗೆ 25 ಗ್ರಾಂ, ಅಂದರೆ 0.1 ಮೋಲ್ (ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ, ಮೈಲುತುತ್ತಿನ ಒಂದು ಮೋಲ್ ಸುಮಾರು 250 ಗ್ರಾಂ). ನುಣ್ಣಗೆ ಪುಡಿ ಮಾಡಿ ಹಾಕಬೇಕು, ಹರಳು ಹರಳಾಗಿ ಹಾಕಿದರೆ ಅದು ನಿಧಾನಕ್ಕೆ ಕರಗುವಷ್ಟರಲ್ಲಿ ನಮ್ಮೂರ ಸೆಕೆ ಲೋಟದೊಳಗೆ ನುಗ್ಗಿ ಲೆಕ್ಕ ಕೆಡಿಸುತ್ತದೆ. ಪಾದರಸ ಹತ್ತಿರ ಹತ್ತಿರ 3 ಡಿಗ್ರಿ ಇಳಿಯಬೇಕು. ಗ್ರಾಂನಲ್ಲಿ ನೀರಿನ ತೂಕ, 4.18 (ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಬೇಕಾದ ಜೂಲ್), ಇಳಿದ ಡಿಗ್ರಿ, ಮೂರನ್ನೂ ಗುಣಿಸಿ, 0.1ರಿಂದ ಭಾಗಿಸಿ. ಮೋಲಿಗೆ ಸುಮಾರು 11.7 ಕಿಲೋಜೂಲ್ ಶಾಖವನ್ನು ನೀರಿನಿಂದ ಎಳೆದುಕೊಂಡಿತು ಅಂತ ಅರ್ಥ.

ಮಜಾ ಇರುವುದು ಮುಂದೆ. ಅದೇ ಮೈಲುತುತ್ತನ್ನು ಕಾಯಿಸಿ, ಒಳಗಿನ ನೀರೆಲ್ಲ ಹೋಗಿ ಬೆಳ್ಳಗಾದ ಮೇಲೆ ಅಷ್ಟೇ ನೀರಿಗೆ 16 ಗ್ರಾಂ (ಇದೂ 0.1 ಮೋಲ್) ಹಾಕಿ ನೋಡಿ. ಈಗ ನೀರು ಬಿಸಿ! 15 ಡಿಗ್ರಿಗೂ ಜಾಸ್ತಿ ಏರುತ್ತದೆ, ಮೋಲಿಗೆ 66 ಕಿಲೋಜೂಲ್ ಹೊರಗೆ. ಬಿಳಿ ಪುಡಿ ನೀರು ಕುಡಿದು ನೀಲಿ ಹರಳಾಗುವಾಗ ಎಷ್ಟು ಶಾಖ ಬರುತ್ತದೆ ಅಂತ ಲೋಟದಲ್ಲಿ ನೇರವಾಗಿ ಅಳೆಯುವುದು ಕಷ್ಟ, ಆದರೆ ಈ ಎರಡು ಲೆಕ್ಕ ಕೈಯಲ್ಲಿದ್ದರೆ ಅಳೆಯುವ ಅಗತ್ಯವೇ ಇಲ್ಲ. 66ಕ್ಕೆ 11.7 ಕೂಡಿಸಿ, ಮೋಲಿಗೆ ಸುಮಾರು 78 ಕಿಲೋಜೂಲ್. ಬದಿಯಡ್ಕದಿಂದ ಕಾಸರಗೋಡಿಗೆ ಚೆರ್ಕಳದ ಮೇಲೆ ಹೋದರೂ ಕುಂಬಳೆಯ ಮೇಲೆ ಹೋದರೂ ಇಳಿದ ಎತ್ತರ ಒಂದೇ ಅಲ್ವಾ, ಇದೂ ಹಾಗೇ: ಬಿಳಿ ಪುಡಿ ನೇರ ಕರಗಿದರೂ, ಮೊದಲು ನೀಲಿ ಹರಳಾಗಿ ಆಮೇಲೆ ಕರಗಿದರೂ ಒಟ್ಟು ಶಾಖ ಒಂದೇ. 1840ರಲ್ಲಿ ರಸಾಯನಶಾಸ್ತ್ರಜ್ಞ ಹೆಸ್ ಹೇಳಿದ್ದು ಇಷ್ಟೇ.

ಲೋಟವೂ ಥರ್ಮಾಮೀಟರೂ ತಮ್ಮ ಪಾಲು ಹೊಡೆಯುತ್ತವೆ, ಹಾಗಾಗಿ ಉತ್ತರ ಸ್ವಲ್ಪ ಕಡಿಮೆ ಬರುವುದೇ ಸಹಜ. ಪ್ಲಸ್ ಟು ಹುಡುಗರ ರೆಕಾರ್ಡಿನಲ್ಲಿ ಮಾತ್ರ ಅದು ಹೇಗೋ ಎಲ್ಲರಿಗೂ ಸರಿಯಾಗಿ 11.7.