ನಾಲ್ಕನೆಯ ಅರಿವಿ

ಲಾರಿಯ ಎಂಜಿನ್ ಬಿಚ್ಚುವ ಕೆಲಸವನ್ನು ಮನೆಯಂಗಳದಲ್ಲಿ ಮಾಡಕೂಡದೆಂದು ಯಾವ ಕಾಯ್ದೆಯೂ ಹೇಳಿದಂತಿಲ್ಲ. ಇದೇ ಧೈರ್ಯದ ಮೇಲೆ ನನ್ನ ಮೈದುನ, ಶಹಾಬಾದಿನಿಂದ ಫರ್ಸಿ ಕಲ್ಲು ಸಾಗಿಸುವ ತನ್ನ ಮಿನಿ ಲಾರಿಯನ್ನು ಮೇ ತಿಂಗಳ ಬಿಸಿಲಿನಲ್ಲಿ ಕಲಬುರಗಿಯ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದನು. ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ ಎಂಬುದು ಅವನ ದೂರು. ಇನ್‌ಟೇಕ್ ಮ್ಯಾನಿಫೋಲ್ಡಿನ ಬಾಯಿಗಳನ್ನು ಅರದಿಂದ ಉಜ್ಜಿ ಅಗಲ ಮಾಡುವುದು ಅವನೇ ಕಂಡುಹಿಡಿದ ಮದ್ದು.

"ಮಾಮಾ, ಗಾಳಿ ಹೋಗೋ ದಾರಿ ದೊಡ್ಡದ್ ಮಾಡಿದ್ರ ಗಾಡಿ ಹಾರ್ತದ ನೋಡ್ರಿ" ಎಂದನು. ಫರ್ಸಿ ಹೇರಿದ ಲಾರಿ ಹಾರುವುದು ಯಾರಿಗೂ ಒಳ್ಳೆಯದಲ್ಲವೆಂದು ನನಗೆ ಅನ್ನಿಸಿತಾದರೂ, ಹೆಂಡತಿಯ ತಮ್ಮನಿಗೆ ಇಂಥ ಮಾತನ್ನು ಬೆಳಗಿನ ಚಹಾಕ್ಕೆ ಮೊದಲು ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ಮ್ಯಾನಿಫೋಲ್ಡ್ ಎನ್ನುವುದು ಹೊರಗಿನ ಗಾಳಿಯನ್ನು ಎಲ್ಲ ಸಿಲಿಂಡರುಗಳಿಗೂ ಸಮನಾಗಿ ಹಂಚುವ ಕೊಳವೆಗಳ ಕಟ್ಟು, ಇವನದು ಅಲ್ಯುಮಿನಿಯಂನದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒಳಗೆ ಬಂದ ಬರಿಯ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೆ ಡೀಸೆಲ್ಲನ್ನು ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಆ ಗಾಳಿಯನ್ನು ಮೊದಲೇ ಒತ್ತಿ ತುಂಬುವುದರಿಂದ, ಮತ್ತು ಡೀಸೆಲ್ಲಿನ ಪ್ರಮಾಣ ಹೆಚ್ಚದೆ ಬರಿಯ ಗಾಳಿಯಿಂದ ಬಲ ಹೆಚ್ಚುವುದಿಲ್ಲವಾದ್ದರಿಂದ, ಕೊಳವೆಯನ್ನು ಕೂದಲೆಳೆಯಷ್ಟು ಅಗಲ ಮಾಡಿ ಬರುವ ಲಾಭ ಅತ್ಯಲ್ಪ. ಇದನ್ನೆಲ್ಲ ನಾನು ವಿವರಿಸಿದಾಗ ಮೈದುನನು ಬಹಳ ಗೌರವದಿಂದ ಕೇಳಿಸಿಕೊಂಡು, ಪಾನಾ ಕೊಡಿರೆಂದು ಕೈ ಚಾಚಿದನು.

ಮ್ಯಾನಿಫೋಲ್ಡ್ ಕೆಳಗಿಳಿದಾಗ ಅಗಲ ಮಾಡುವ ಪ್ರಶ್ನೆಯೇ ಉಳಿಯಲಿಲ್ಲ. ಎರಡು ಬೆರಳು ಸರಾಗವಾಗಿ ಹೋಗಬೇಕಾದ ಬಾಯಿಯಲ್ಲಿ ಕಿರುಬೆರಳು ತೂರುವುದೂ ಕಷ್ಟವಾಗಿತ್ತು. ಎತ್ತಿನ ಬಂಡಿಯ ಅಚ್ಚಿಗೆ ಬಳಿದ ಕೀಲೆಣ್ಣೆ ವರ್ಷಗಟ್ಟಲೆ ಒಣಗಿದಂತೆ, ಹೊರಗೆ ಗಟ್ಟಿಯಾಗಿ ಒಳಗೆ ಅಂಟಂಟಾಗಿದ್ದ ಕರಿ ಮಸಿ ಒಳಗೋಡೆಯನ್ನೆಲ್ಲ ಆವರಿಸಿತ್ತು. ವಿಷಕಾರಿ ನೈಟ್ರೋಜನ್ ಆಕ್ಸೈಡುಗಳು ಕಡಿಮೆಯಾಗಲೆಂದು, ಸುಟ್ಟ ಹೊಗೆಯ ಒಂದು ಪಾಲನ್ನು ಇ.ಜಿ.ಆರ್. ವಾಲ್ವು ಮರಳಿ ಎಂಜಿನ್ನಿಗೇ ಕಳಿಸುತ್ತದೆ. ಆ ಹೊಗೆಯ ಮಸಿಗೆ ಎಂಜಿನ್ನಿನ ಎಣ್ಣೆಯ ಆವಿ ಕೂಡಿಕೊಂಡು ದಾರಿಯಲ್ಲೇ ಮನೆ ಮಾಡುತ್ತದೆ. ಕಪ್ಪು ಹೊಗೆಯ ಗುಟ್ಟೂ ಇದೇ: ಗಾಳಿ ಸಾಲದೆ ಡೀಸೆಲ್ ಅರೆಬೆಂದು ಹೊರಬರುತ್ತಿತ್ತು.

ಹಾಗಾದರೆ ಆ ವಾಲ್ವಿನ ಬಾಯಿಗೇ ತಗಡು ಬಡಿದುಬಿಡೋಣವೆಂದು ಮೈದುನನು ಸೂಚಿಸಿದನು. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದರ ಕುರಿತು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಏನು ಹೇಳುತ್ತದೆಂಬುದನ್ನು, ಸರ್ಕಾರಿ ಕಚೇರಿಯಲ್ಲಿ ಆಯುಷ್ಯ ಸವೆಸಿದ ನಾನು ಸವಿಸ್ತಾರವಾಗಿ ಹೇಳಿದೆನು. ತಗಡಿನ ಮಾತು ಅಲ್ಲಿಗೆ ನಿಂತಿತು. ಕಾಯ್ದೆಗೆ ಹೆದರಿ ನಿಂತಿತೋ, ವಿವರಣೆಯ ಉದ್ದಕ್ಕೆ ಹೆದರಿ ನಿಂತಿತೋ ಗೊತ್ತಿಲ್ಲ.

ಉಳಿದದ್ದು ತೊಳೆಯುವ ಕೆಲಸ. ಅದಕ್ಕಾಗಿ ಮೈದುನನು ಬಚ್ಚಲಮನೆಯಿಂದ ಸಂಡಾಸು ತೊಳೆಯುವ ಆಸಿಡ್ಡಿನ ಬಾಟಲಿಯನ್ನೂ, ಅಡುಗೆಮನೆಯಿಂದ ರೊಟ್ಟಿ ಹಿಟ್ಟು ನಾದುವ ಪರಾತವನ್ನೂ ತಂದನು. ಆಸಿಡ್ ಬಿದ್ದೊಡನೆ ಅಲ್ಯುಮಿನಿಯಂ ಬುಸುಗುಟ್ಟಿ ನೊರೆಯೆದ್ದು, ಮೂಗಿಗೆ ಸೆರಗು ಒತ್ತಿಕೊಂಡು ಹೊರಬಂದ ನನ್ನ ಹೆಂಡತಿ ಆ ನೊರೆಯಲ್ಲಿ ಮೊದಲು ಗುರುತಿಸಿದ್ದು ತನ್ನ ಪರಾತವನ್ನು. ಆಸಿಡ್ಡು ಲೋಹವನ್ನು ತಿನ್ನುತ್ತದೆಯೇ ಹೊರತು ಮಸಿಯನ್ನು ಮುಟ್ಟುವುದಿಲ್ಲ. ಗಾಬರಿಯಲ್ಲಿ ಪರಾತವನ್ನು ಎತ್ತಿ ಬಗ್ಗಿಸಿದ್ದರಿಂದ ಆಸಿಡ್ಡು ಅಂಗಳದ ಶಹಾಬಾದಿ ಕಲ್ಲಿನ ಮೇಲೆ ಹರಿಯಿತು. ಆ ಕಲ್ಲು ಸುಣ್ಣದ ಕಲ್ಲು. ಅದೂ ನೊರೆಗಟ್ಟಿ, ನುಣುಪು ಕಳೆದುಕೊಂಡು, ಎಲ್ಲಿಂದ ನೋಡಿದರೂ ಕಾಣುವಂಥ ಬಿಳಿಯ ಕಲೆಯಾಯಿತು. ಮಸಿ ಮಾತ್ರ ಇದ್ದಲ್ಲೇ ಇತ್ತು.

"ಆ ಪರಾತದಾಗ ನಿಮ್ಮ ಗಾಡಿಗೇ ರೊಟ್ಟಿ ಬಡೀರಿ" ಎಂದು ಹೆಂಡತಿ ಒಳಗೆ ಹೋದಳು.

ಗದ್ದಲ ಕೇಳಿ ಪಕ್ಕದ ಮನೆಯ ಉಸ್ತಾದರು ಬಂದರು. ವಯಸ್ಸಾದ ಡೀಸೆಲ್ ಮಿಸ್ತ್ರಿಗಳು. ಈಗ ಪಾನಾ ಹಿಡಿಯುವುದಿಲ್ಲ, ಆದರೆ ಹಿಡಿದವರನ್ನು ನೋಡುವುದನ್ನು ಬಿಟ್ಟಿಲ್ಲ. ಬಹಳಷ್ಟು ನೀರು ಹೊಯ್ಯಿಸಿ, ನಂತರ ಡೀಸೆಲ್ಲಿನಲ್ಲಿ ನೆನೆಹಾಕಿಸಿ, ಬಾಟಲಿ ತೊಳೆಯುವ ಬ್ರಷ್ಷಿನಿಂದ ಉಜ್ಜಿಸಿದರು. ಸಂಜೆಯ ಹೊತ್ತಿಗೆ ಒಳಗೋಡೆ ಬೆಳ್ಳಗಾಯಿತು. ಏರ್ ಫಿಲ್ಟರನ್ನು ನೋಡಿದ್ದೀಯಾ ಎಂದೂ ಕೇಳಿದರು. ಖಣಿಯ ಧೂಳಿನಲ್ಲಿ ನಿತ್ಯ ಓಡಾಡುವ ಗಾಡಿಯ ಫಿಲ್ಟರ್ ಹೇಗಿತ್ತೆಂಬುದನ್ನು ಬರೆಯದಿರುವುದೇ ಬಂಧುತ್ವಕ್ಕೆ ಕ್ಷೇಮ.

ಸಂದಿಯಲ್ಲಿ ಗಾಳಿ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನಿಂದ ಅಂಚಿನತ್ತ ಬೋಲ್ಟುಗಳನ್ನು ಬಿಗಿದು, ಮೈದುನನು ಸೆಲ್ಫ್ ಹೊಡೆಯಲು ಹತ್ತಿ ಕುಳಿತನು. ಆಗ ಉಸ್ತಾದರು ಕೈ ಅಡ್ಡ ಹಿಡಿದರು.

"ತಮ್ಮಾ, ಎಂಜಿನ್ ಬಾಯಾಗ ನಾಕು ಅರಿವಿ ತುರುಕಿದ್ದಿ. ಇಲ್ಲಿ ಮೂರೇ ಅವ. ಇನ್ನೊಂದು ಎಲ್ಲದ?"

ಮ್ಯಾನಿಫೋಲ್ಡ್ ಬಿಚ್ಚಿದಾಗ ತೆರೆದುಕೊಳ್ಳುವ ಬಾಯಿಗಳಲ್ಲಿ ನಟ್ಟು, ವಾಶರ್ ಬೀಳದಿರಲೆಂದು ನನ್ನ ಹಳೆಯ ಧೋತರವನ್ನು ಹರಿದು ತುರುಕಲಾಗಿತ್ತು. ಒಂದು ಚೂರು ಒಳಗೇ ಉಳಿದಿದ್ದರೆ ವಾಲ್ವಿಗೆ ಸಿಕ್ಕಿಕೊಂಡು ಮಾಡುವ ಅನಾಹುತದ ಮುಂದೆ ಪರಾತದ ಬೆಲೆ ಏನೇನೂ ಅಲ್ಲ. ಮೈದುನನು ಬೆವರು ಒರೆಸಿಕೊಳ್ಳುತ್ತ ಬೋಲ್ಟುಗಳನ್ನೆಲ್ಲ ಮತ್ತೆ ಬಿಚ್ಚಿದನು. ಒಮ್ಮೆ ಒತ್ತಿಸಿಕೊಂಡ ಗ್ಯಾಸ್ಕೆಟ್ ಏಳುವಾಗ ಹರಿಯಿತು. ಬ್ಯಾಟರಿ ಹಿಡಿದು ನಾಲ್ಕೂ ಬಾಯಿಗಳಲ್ಲಿ ಇಣುಕಿದೆವು, ಅರಿವಿ ಇರಲಿಲ್ಲ. ಟರ್ಬೊದ ಕೊಳವೆಯನ್ನೂ ಬಿಚ್ಚಿಸಲು ಉಸ್ತಾದರು ಹೇಳುತ್ತಿರುವಾಗ ನನ್ನ ಹೆಂಡತಿ, ಕುದಿಯುವ ಚಹಾದ ಪಾತ್ರೆಯ ಕಂಠವನ್ನು ಮಸಿ ಹತ್ತಿದ ಧೋತರದ ಚೂರಿನಿಂದ ಹಿಡಿದುಕೊಂಡು ಹೊರಬಂದಳು.

ಯಾರೂ ಏನೂ ಕೇಳಲಿಲ್ಲ. ಪರಾತದ ಪ್ರಕರಣ ಇನ್ನೂ ವಿಚಾರಣೆಯಲ್ಲಿತ್ತು.

ಮರುದಿನ ಮತ್ತೊಂದು ಗ್ಯಾಸ್ಕೆಟ್ ತಂದು ಕೂರಿಸಿದ ಮೇಲೆ ಮೈದುನನು ರಿಂಗ್ ರೋಡಿಗೆ ಒಂದು ಸುತ್ತು ಹೋಗಿ ಬಂದು, ಪಿಕಪ್ ಎರಡು ಪಟ್ಟಾಗಿದೆಯೆಂದು ಸಾರಿದನು. ಉಸ್ತಾದರು ಲಾರಿಯ ಖಾಲಿ ಡಬ್ಬಿಯತ್ತ ನೋಡಿ, "ಫರ್ಸಿ ಹೇರ್ಕೊಂಡ್ ಬಾ, ಆಮ್ಯಾಲ ಹೇಳು" ಎಂದು ಚಹಾದ ಬಟ್ಟಲನ್ನು ಕೆಳಗಿಟ್ಟರು.